ಅಲ್ಲವ್ವನ ಹಸಿದ ಕೌದಿಗಳು

ತುಕ್ಕಾನಟ್ಟಿಯ ಅಲ್ಲವ್ವ ಯಾರನ್ನಾದರೂ ಹೊಗಳಿದ್ದನ್ನು ಕೇಳಿದವರು ಆ ಊರಲ್ಲಿ ಒಬ್ಬರೂ ಇರಲಿಲ್ಲ. ಒಬ್ಬಳ ಅಡಿಗೆಯಲ್ಲಿ ಉಪ್ಪು ಕಡಿಮೆ, ಇನ್ನೊಬ್ಬಳ ಮಾತಿನಲ್ಲಿ ಹುರುಳು ಕಡಿಮೆ, ಮತ್ತೊಬ್ಬಳ ಮಕ್ಕಳಿಗೆ ಬುದ್ಧಿ ಕಡಿಮೆ. ಕಡಿಮೆ ಬೀಳದ ವಸ್ತು ಈ ಭೂಮಿಯ ಮೇಲೆ ಒಂದೇ ಇತ್ತು, ಅದು ಅವಳೇ ಹೊಲಿದ ಕೌದಿ. ಆ ಒಂದು ಮಾತನ್ನು ಅವಳನ್ನು ಕಂಡರಾಗದವರೂ ಒಪ್ಪುತ್ತಿದ್ದರು, ಕಂಡರಾಗದವರು ಊರ ತುಂಬ ಇದ್ದರು.

ಇದು ಸಾವಿರದ ಒಂಬೈನೂರ ಮೂವತ್ತರ ಸುಮಾರಿನ ಮಾತು. ಆಗ ಆ ಕಡೆ ಕೌದಿಯನ್ನು ಯಾರೂ ಕೊಳ್ಳುತ್ತಿರಲಿಲ್ಲ, ಹೊಲಿಸುತ್ತಿದ್ದರು. ಮನೆಯವರು ಉಟ್ಟು ಸವೆದ ಸೀರೆ, ಧೋತರ, ರುಮಾಲು, ಮಕ್ಕಳ ಅಂಗಿ ಎಲ್ಲವನ್ನೂ ಗಂಟು ಕಟ್ಟಿಟ್ಟು, ಒಂದು ಕೌದಿಗಾಗುವಷ್ಟು ಕೂಡಿದಾಗ ಅಲ್ಲವ್ವನಿಗೆ ಹೇಳಿಕಳಿಸುತ್ತಿದ್ದರು. ಅವಳು ಬಂದು ಅವರ ಪಡಸಾಲೆಯಲ್ಲಿ ಎಂಟು ಹತ್ತು ದಿನ ಕೂರುತ್ತಿದ್ದಳು. ಅವರ ಮನೆಯಲ್ಲೇ ಉಂಡು, ಉಂಡದ್ದಕ್ಕೆಲ್ಲ ಕೊಂಕು ತೆಗೆದು, ಕೊನೆಗೆ ಸೆರಗಿನ ತುಂಬ ಜೋಳ ಕಟ್ಟಿಸಿಕೊಂಡು ಹೋಗುತ್ತಿದ್ದಳು. ಇಷ್ಟು ಬೈಸಿಕೊಂಡೂ ಅವಳನ್ನೇ ಏಕೆ ಕರೆಯುತ್ತಿದ್ದರೆಂದರೆ, ಅವಳ ಹೊಲಿಗೆ ಅಷ್ಟು ಸಣ್ಣ. ಅಂಚಿನಿಂದ ಹಿಡಿದು ಸುತ್ತಿ ಸುತ್ತಿ ನಡುವಿಗೆ ಬರುವ ಆ ಸಾಲುಗಳ ಮೇಲೆ ಅವಳೇ ಒಂದು ಜೋಳದ ಕಾಳು ಉರುಳಿಸಿ ತೋರಿಸುತ್ತಿದ್ದಳು. ಕಾಳು ಯಾವ ದಾರದ ಅಡಿಯಲ್ಲೂ ಸಿಕ್ಕಿಕೊಳ್ಳದೆ ಈ ಅಂಚಿನಿಂದ ಆ ಅಂಚಿಗೆ ಹೋಗಿ ಬೀಳುತ್ತಿತ್ತು.

ಅದೇ ಓಣಿಯ ಶಿವವ್ವನೂ ಕೌದಿ ಹೊಲಿಯುತ್ತಿದ್ದಳು. ಅವಳ ಸೂಜಿ ದಪ್ಪ, ದಾರ ದಪ್ಪ, ಮೈಯೂ ದಪ್ಪ. "ಅಕಿ ಹೊಲಿಯೂದಲ್ಲ, ದಬ್ಬಣ ಹಿಡಕೊಂಡು ಚೀಲದ ಬಾಯಿ ಕಟ್ಟತಾಳ," ಎಂದು ಅಲ್ಲವ್ವ ಬಾವಿಯ ಕಟ್ಟೆಯ ಮೇಲೆ ಶಿವವ್ವನ ಎದುರಿಗೇ ಹೇಳುತ್ತಿದ್ದಳು. ಶಿವವ್ವ ನಕ್ಕು ಕೊಡ ಎತ್ತಿಕೊಂಡು ಹೋಗುತ್ತಿದ್ದಳು. ಆ ನಗುವಿಗೂ ಅಲ್ಲವ್ವನಿಗೆ ಮೈ ಉರಿಯುತ್ತಿತ್ತು.

ಕೌದಿಗೆ ಹೊಟ್ಟೆ ತುಂಬಿಸುವ ಪದ್ಧತಿಯೊಂದಿತ್ತು. ಹೊಲಿಗೆ ಮುಗಿಯುತ್ತ ಬಂದಾಗ ನಟ್ಟನಡುವೆ ಅಂಗೈಯಗಲ ಜಾಗ ತೆರೆದೇ ಬಿಡುತ್ತಿದ್ದರು. ಮನೆಯ ಹಿರಿಯ ಹೆಂಗಸು ಒಣ ರೊಟ್ಟಿಯ ಚೂರು, ಒಂದು ಹರಳು ಬೆಲ್ಲ ತಂದು ಅದರೊಳಗಿಟ್ಟು "ಉಂಡು ಬೆಚ್ಚಗ ಇಡವ್ವಾ" ಎನ್ನಬೇಕು. ಆಮೇಲೆ ಬಾಯಿ ಹೊಲಿಯುವುದು. ಹಸಿದ ಕೌದಿ ಹೊದ್ದವರ ನಿದ್ದೆಯನ್ನು ತಿನ್ನುತ್ತದೆಂದು ಆ ಹೆಂಗಸರು ನಂಬಿದ್ದರು. ಹುಟ್ಟಿದ ಕೂಸಿನ ಮೊದಲ ಕೌದಿಯಾದರೆ ತುತ್ತು ಇಡುವ ಕೈ ತಾಯಿಯ ತಾಯಿಯದೇ ಆಗಬೇಕಿತ್ತು.

ಅಲ್ಲವ್ವನ ಜೀವವೆಲ್ಲ ಇದ್ದದ್ದು ಈ ಕೊನೆಯ ಮಾತಿನಲ್ಲಿ. ಅವಳಿಗೆ ಗಂಡನಿಲ್ಲ, ಇದ್ದವಳು ಒಬ್ಬ ಮಗಳು ರಾಯವ್ವ. ಅವಳನ್ನು ಬೆಲ್ಲದ ಬಾಗೇವಾಡಿಗೆ ಕೊಟ್ಟು ವರ್ಷ ಎರಡಾದರೂ ಮಡಿಲು ತುಂಬಿರಲಿಲ್ಲ. ಆದರೂ ಅಲ್ಲವ್ವ ಒಳಗಿನ ನಾಗೊಂದಿಗೆಯ ಮೇಲೆ ಒಂದು ಗಂಟು ಇಟ್ಟಿದ್ದಳು. ತೀರಿಹೋದ ಗಂಡನ ಕೆಂಪು ರುಮಾಲು, ತನ್ನ ಧಾರೆ ಸೀರೆ, ರಾಯವ್ವ ಸಣ್ಣವಳಿದ್ದಾಗ ಉಟ್ಟ ಹಸಿರು ಪರಕಾರ ಅದರಲ್ಲಿದ್ದವು. ಮೊಮ್ಮಗು ಹುಟ್ಟಿದರೆ ಈ ಮೂರನ್ನು ಕೂಡಿಸಿ ತೊಟ್ಟಿಲ ಕೌದಿ ಹೊಲಿಯಬೇಕು, ತನ್ನ ಕೈಯಿಂದಲೇ ಅದರ ಹೊಟ್ಟೆ ತುಂಬಿಸಬೇಕು. ಬೇರೆ ಆಸೆ ಅವಳಿಗಿರಲಿಲ್ಲ. ಯಾರಾದರೂ ಆ ಗಂಟಿನ ಕಡೆ ನೋಡಿದರೆ, ಬಾಯಿ ಬಿಡುವ ಮೊದಲೇ ಬೈದು ಕಳಿಸುತ್ತಿದ್ದಳು.

ಹೀಗಿರುವಾಗ ಗೋಕಾಕಿನಲ್ಲಿ ಪ್ರದರ್ಶನ ಎಂಬುದೊಂದು ಶುರುವಾಯಿತು. ನಾತಾಳದ, ಅಂದರೆ ಕ್ರಿಸ್‌ಮಸ್ಸಿನ ರಜೆಯ, ಸೂಟಿಯಲ್ಲಿ ಬೆಳಗಾವಿಯ ದೊಡ್ಡ ಅಧಿಕಾರಿಗಳು ಹೆಂಡತಿ ಮಕ್ಕಳ ಸಮೇತ ಬಂದು ಬಂಗಲೆಯಲ್ಲಿ ಇಳಿಯುತ್ತಿದ್ದರು. ನದಿ ನೋಡಿ, ಕೋಳಿ ತಿಂದು, ಮೂರನೆಯ ದಿನಕ್ಕೆ ಅವರಿಗೆ ಬೇಸರ ಬರುತ್ತಿತ್ತು. ಅವರ ಬೇಸರ ಕಳೆಯುವ ಭಾರ ಮಾಮಲೇದಾರರ ಹೆಂಡತಿಯ ಮೇಲೆ ಬಿತ್ತು. ಎಲ್ಲರೂ ಬಾಯಿಸಾಹೇಬರು ಎಂದು ಕರೆಯುತ್ತಿದ್ದ ಆ ಹೆಂಗಸು, ಸೂಟಿ ಇದ್ದ ಶಾಲೆಯ ಕೋಣೆಗಳನ್ನು ತೆರೆಸಿ, ಬೆಂಚುಗಳ ಮೇಲೆ ಸುತ್ತಲಿನ ಹಳ್ಳಿಗಳ ಕೈಕೆಲಸ ಹರಡಿಸಿ, ನಾಲ್ಕು ದಿನ ಮಾರಾಟ, ಐದನೆಯ ದಿನ ಬಹುಮಾನ ಎಂದು ಗೊತ್ತು ಮಾಡಿದರು. ಊರೂರಿನ ಗೌಡರಿಗೆ ಹುಕುಂ ಹೋಯಿತು. ತುಕ್ಕಾನಟ್ಟಿಯ ಗೌಡ ಅಲ್ಲವ್ವನನ್ನು ಚಕ್ಕಡಿ ಹತ್ತಿಸಿದ.

ಮೊದಲ ವರ್ಷ ಅವಳು ಎರಡು ಕೌದಿ ಒಯ್ದಿದ್ದಳು. ಒಂದು ಅವಳ ಮನೆಯದೇ, ಸೊಗಸಾಗಿ ಹೊಲಿದದ್ದು, ಹೊಟ್ಟೆ ತುಂಬಿದ್ದು. ಮಾರುವುದಕ್ಕಲ್ಲ, ತೋರಿಸಿ ವಾಪಸು ತರುವುದಕ್ಕೆ. ಇನ್ನೊಂದು, ಬೆಂಚು ಬರಿದಾಗಿ ಕಾಣಬಾರದೆಂದು ಮೂಡಲಗಿಯ ಶಿಂಪಿಗನ ಅಂಗಡಿಯ ಹೊಸ ಬಟ್ಟೆಯ ಚೂರುಗಳನ್ನು ಕೂಡಿಸಿ ಎರಡೇ ದಿನದಲ್ಲಿ ಎಳೆದು ಬಿಸಾಕಿದ್ದು. ಅದರ ಒಂದೊಂದು ಹೊಲಿಗೆ ಹೆಬ್ಬೆರಳಿನಷ್ಟು ಉದ್ದ, ಹೊಟ್ಟೆಗೆ ಏನೂ ಇಲ್ಲ.

ನೋಡಲು ಬಂದವರು ಎಂಥವರು! ಒಬ್ಬಳು ಕೌದಿಯನ್ನು ಮಗುಚಿ ಹಿಡಿದು, ಹಿಂಬದಿಯನ್ನೇ ಮುಂಬದಿ ಎಂದು ತಿಳಿದು ಆಹಾ ಎಂದಳು. ಒಬ್ಬ ವಕೀಲರ ಹೆಂಡತಿ ಬೆರಳ ತುದಿಯಲ್ಲಿ ಒಳ್ಳೆಯ ಕೌದಿಯ ಮೂಲೆ ಎತ್ತಿ, "ಇದು ಉಟ್ಟ ಬಟ್ಟೀದೇನು? ಯಾರು ಉಟ್ಟದ್ದು?" ಎಂದು ಕೇಳಿದಳು.

"ನಮ್ಮತ್ತಿ ಉಟ್ಟದ್ರೀ," ಎಂದಳು ಅಲ್ಲವ್ವ. "ಅರವತ್ತು ವರ್ಷ ಬಾಳೇ ಮಾಡಿದಾಕಿ."

ವಕೀಲರ ಹೆಂಡತಿ ಕೈಯನ್ನು ಕರವಸ್ತ್ರಕ್ಕೆ ಒರೆಸಿಕೊಂಡು ಮುಂದಕ್ಕೆ ಹೋದಳು. ಸಂಜೆಯ ಹೊತ್ತಿಗೆ ಆ ಶಿಂಪಿಗನ ಚೂರುಗಳ ಕೌದಿಗಾಗಿ ಮೂವರು ಹೆಂಗಸರು ತಮ್ಮತಮ್ಮಲ್ಲೇ ಜಗಳ ತೆಗೆದರು. ಗೆದ್ದವಳು ಅದನ್ನು ಗೋಡೆಗೆ ತೂಗುಹಾಕುತ್ತೇನೆಂದಳು. ಅಲ್ಲವ್ವ ಕಿವಿಯನ್ನು ನಂಬದೆ ಮತ್ತೊಮ್ಮೆ ಕೇಳಿದಳು. ಹೌದು, ಗೋಡೆಗೇ. ಚಳಿ ಗೋಡೆಗೆ ಆಗುತ್ತದೋ ಮನುಷ್ಯರಿಗೆ ಆಗುತ್ತದೋ ಗೊತ್ತಿಲ್ಲದ ಈ ಮಂದಿ ಜಿಲ್ಲೆ ಆಳುತ್ತಾರಲ್ಲ ಎಂದು ಅವಳಿಗೆ ಹೇಸಿಗೆ ಬಂತು.

ಬಹುಮಾನದ ಬೆಳ್ಳಿ ಬಿಲ್ಲೆ ಆ ವರ್ಷ ಗಿಳಿಯ ಕಸೂತಿ ಇದ್ದ ಮೇಜಿನ ಹೊದಿಕೆಗೆ ಹೋಯಿತು. ಆ ಕಸೂತಿ ಹಾಕಿದವಳು ಬಾಯಿಸಾಹೇಬರ ನಾದಿನಿ. "ಅದು ಗಿಳೀನೋ, ನೆಗಡಿ ಆದ ಕಾಗೀನೋ," ಎಂದು ಅಲ್ಲವ್ವ ಗಟ್ಟಿಯಾಗಿಯೇ ಅಂದಳು. ಬಿಲ್ಲೆಯ ಆಸೆ ತನಗೆ ಎಳ್ಳಷ್ಟೂ ಇಲ್ಲ ಎಂದೂ ಅಂದಳು. ಆದರೆ ಅದನ್ನಿಟ್ಟಿದ್ದ ಮೇಜಿನ ಕಡೆಗೆ ಎರಡು ಸಲ ತಿರುಗಿ ನೋಡಿದ್ದನ್ನು ಬಾಜೂ ಬೆಂಚಿನ ಶೆಟ್ಟೆಪ್ಪ ಕಂಡಿದ್ದ.

ಶೆಟ್ಟೆಪ್ಪ ಗೋಕಾಕಿನವನೇ, ಹಗುರ ಕಟ್ಟಿಗೆಯಲ್ಲಿ ಹಣ್ಣು ಕೆತ್ತಿ ಬಣ್ಣ ಹಚ್ಚುವವನು. ಮಾತು ಕಡಿಮೆ. ಅವನ ಮಾವಿನಹಣ್ಣನ್ನು ಪ್ರತಿ ವರ್ಷ ಒಬ್ಬರಾದರೂ ಮೂಗಿಗೆ ಹಿಡಿದು ವಾಸನೆ ನೋಡುತ್ತಿದ್ದರು. ಅವನು ಹಣ್ಣಿನ ತಳಕ್ಕೂ, ಅದು ಬೆಂಚಿಗೆ ತಾಗಿ ಕೂರುವ ಭಾಗಕ್ಕೂ, ಮೂರು ಕೋಟು ಬಣ್ಣ ಹಚ್ಚುತ್ತ ಕೂತಿರುವುದನ್ನು ಅಲ್ಲವ್ವ ನೋಡಿದಳು.

"ತಳಾ ಯಾರ ನೋಡತಾರೋ, ಖೋಡಿ?"

"ಯಾರೂ ನೋಡೂದಿಲ್ಲಕ್ಕಾ."

"ಮತ್ಯಾಕ?"

"ಬಿಟ್ರ ಮುಂದಿನ ಹಣ್ಣಿಗೆ ಮೈಗೂ ಎರಡ ಕೋಟ ಸಾಕು ಅನಸತೈತಿ," ಎಂದು ಅವನು ಕುಂಚ ಅದ್ದಿದ. ಅಲ್ಲವ್ವ ಪಕಪಕ ನಕ್ಕಳು. ಇಂಥ ತಿಳಿಗೇಡಿ ಮಂದಿಗೆ ಮೂರು ಕೋಟು ಹಚ್ಚುವವನು ಅವರಿಗಿಂತ ದೊಡ್ಡ ತಿಳಿಗೇಡಿ ಎಂದು ಲೆಕ್ಕ ಹಾಕಿ, ಅವನನ್ನೂ ತನ್ನ ತಿರಸ್ಕಾರದ ಪಟ್ಟಿಗೆ ಸೇರಿಸಿಕೊಂಡಳು.

ಮರುವರ್ಷ ಅವಳು ಒಳ್ಳೆಯ ಕೌದಿ ಒಯ್ಯಲೇ ಇಲ್ಲ. ಚೂರುಗಳ ಕೌದಿಯನ್ನೇ ಆರು ಒಯ್ದಳು, ಅದರ ಮುಂದಿನ ವರ್ಷ ಹನ್ನೆರಡು. ದೀವಳಿಗೆ ಮುಗಿಯುತ್ತಲೇ ಶಿಂಪಿಗನಿಂದ ಚೀಲ ತುಂಬ ಚೂರು ತಂದು, ಕಾಲು ಚಾಚಿ ಕೂತು ಸರಸರ ಎಳೆಯುವಳು. ಮೊದಲು ಎರಡು ದಿನಕ್ಕೊಂದು, ಆಮೇಲೆ ದಿನಕ್ಕೊಂದು. ಹೊಲಿಗೆ ಉದ್ದವಾದಷ್ಟೂ ಗಿರಾಕಿಗಳು ಕುಣಿದರು, ಅವರು ಕುಣಿದಷ್ಟೂ ಅವಳು ಹೊಲಿಗೆಯನ್ನು ಉದ್ದ ಮಾಡಿದಳು. ಎಲ್ಲಿಯವರೆಗೆ ಉದ್ದ ಮಾಡಿದರೆ ಇವರ ಕಣ್ಣು ತೆರೆಯುತ್ತದೆ ನೋಡೋಣ ಎಂಬ ಹಟವೂ ಅದರಲ್ಲಿತ್ತು. ಕಣ್ಣು ತೆರೆಯಲಿಲ್ಲ.

"ಹೊಟ್ಟಿ ತುಂಬಿಸಿದೇನಬೇ ಇವಕ್ಕ?" ಎಂದು ಚಕ್ಕಡಿಗೆ ಗಂಟು ಹೇರುವಾಗ ಶಿವವ್ವ ಒಮ್ಮೆ ಕೇಳಿದಳು.

"ಗ್ವಾಡಿಗೆ ಹಾಕೂದಕ್ಕ ಉಣಸೂದ್ಯಾಕ? ಅವರಿಗೇನ ತಿಳೀತೈತಿ?"

ಅವರಿಗೇನು ತಿಳಿಯುತ್ತದೆ. ಈ ಮಾತು ಅವಳ ನಾಲಗೆಯ ಮೇಲೆ ಮನೆ ಮಾಡಿತು. ಒಂದು ಸಲ ಗೌಡರ ಸೊಸೆ ಕೌದಿ ಹೊಲಿಸಿದಳು. ಅಲ್ಲವ್ವ ನಾಲ್ಕೇ ದಿನಕ್ಕೆ ಮುಗಿಸಿ ಎದ್ದಳು. ಸೊಸೆ ಜೋಳದ ಕಾಳು ತಂದು ಉರುಳಿಸಿದರೆ ಅದು ಮೂರನೆಯ ಸಾಲಿನಲ್ಲೇ ಸಿಕ್ಕಿಕೊಂಡು ನಿಂತಿತು. ಹುಡುಗಿ ಮುಂದಿನ ವರ್ಷ ಶಿವವ್ವನಿಗೆ ಹೇಳಿಕಳಿಸಿದಳು. ಉಳಿದವರೂ ಒಬ್ಬೊಬ್ಬರಾಗಿ ಹಾಗೆಯೇ ಮಾಡಿದರು. ಅಲ್ಲವ್ವನಿಗೆ ಅದರಲ್ಲಿ ತನ್ನ ತಪ್ಪು ಕಾಣಲಿಲ್ಲ. ಗೋಕಾಕಿನ ಸಾಹೇಬರ ಹೆಂಡಂದಿರು ಕಾದು ನಿಲ್ಲುವಾಗ ಈ ಜೋಳದ ರೊಟ್ಟಿಯ ಮಂದಿ ಯಾರಿಗೆ ಬೇಕು ಎಂದಳು. ಹಾಗೆಂದು ಆ ಸಾಹೇಬರ ಹೆಂಡಂದಿರ ಮೇಲೆ ಅವಳಿಗೇನೂ ಮರ್ಯಾದೆ ಬಂದಿರಲಿಲ್ಲ. ಕೊಳ್ಳುವವರು ಕುರುಡರು, ಕರೆಯದವರು ಕೃತಘ್ನರು, ನಡುವೆ ತಾನೊಬ್ಬಳೇ ಜಾಣೆ. ಇಷ್ಟು ಜಾಣತನದಲ್ಲಿ ಏಳು ನಾತಾಳ ಕಳೆದವು.

ಎಂಟನೆಯ ವರ್ಷದ ಮಳೆಗಾಲದಲ್ಲಿ ರಾಯವ್ವ ಬಸುರಾದ ಸುದ್ದಿ ಬಾಗೇವಾಡಿಯಿಂದ ಬಂತು. ಅಷ್ಟರೊಳಗೆ ಮದುವೆಯಾಗಿ ಹತ್ತು ವರ್ಷ ಆಗುತ್ತ ಬಂದಿತ್ತು. ಅಲ್ಲವ್ವ ಬಾಗಿಲು ಹಾಕಿಕೊಂಡು ಅತ್ತಳು. ಹೊರಗೆ ಬಂದು, ಈ ಬಾಗೇವಾಡಿಯವರಿಗೆ ಎಲ್ಲದರಲ್ಲೂ ತಡ ಎಂದಳು.

ಏಳನೆಯ ತಿಂಗಳಿಗೆ ರಾಯವ್ವ ತವರಿಗೆ ಬಂದಳು. ಅಲ್ಲವ್ವ ನಾಗೊಂದಿಗೆಯ ಗಂಟು ಇಳಿಸಿದಳು. ಕೆಂಪು ರುಮಾಲನ್ನು ನಾಲ್ಕಾಗಿ ಕತ್ತರಿಸಿ ಮೂಲೆಗಳಿಗೆ ಇಟ್ಟಳು, ಪರಕಾರವನ್ನು ನಡುವಿಗೆ, ಧಾರೆ ಸೀರೆಯನ್ನು ಅಡಿಗೆ. ಸಣ್ಣ ಸೂಜಿಗೆ ಸಣ್ಣ ದಾರ ಪೋಣಿಸಿ ಕೂತಳು. ಮೊದಲ ಸಾಲು ಮುಗಿದಾಗ ನೋಡಿದರೆ ಹೊಲಿಗೆಗಳು ಉದ್ದುದ್ದ ಬಿದ್ದಿದ್ದವು. ಬಿಚ್ಚಿದಳು. ಒಂದೊಂದನ್ನೂ ಉಗುರಿನಿಂದ ಅಳೆದು ಹೊಲಿದಳು. ಹತ್ತು ಹೊಲಿಗೆ ಚೆನ್ನಾಗಿ ಬಂದವು. ಹನ್ನೊಂದನೆಯದಕ್ಕೆ ಮಗಳ ಜೊತೆ ಮಾತಿಗಿಳಿದಳು, ಕೈ ತನ್ನಷ್ಟಕ್ಕೆ ತಾನು ಓಡಿತು. ಮತ್ತೆ ಬಿಚ್ಚಿದಳು. ದಾರವನ್ನು ಬೈದಳು, ಸೂಜಿ ಬದಲಿಸಿದಳು, ಕೂತ ಜಾಗ ಬದಲಿಸಿದಳು. ಏಳು ವರ್ಷ ಸಾಕಿದ ಕೈ ಅವಳ ಮಾತು ಕೇಳಲಿಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ, ಬಿಚ್ಚಿ ಬಿಚ್ಚಿ ಬಟ್ಟೆಯಲ್ಲಿ ತೂತುಗಳಾದದ್ದನ್ನು ಕಂಡು, "ಹೋಗಲಿ ಬಿಡು, ಕೂಸಿಗೇನ ತಿಳೀತೈತಿ," ಎಂದು ಬಾಯಿ ತಪ್ಪಿ ಅಂದಳು.

ಅಂದವಳು ಸೂಜಿ ಹಿಡಿದ ಕೈಯನ್ನು ಮೇಲೆಯೇ ನಿಲ್ಲಿಸಿಕೊಂಡು ಕೂತಳು. ಹತ್ತು ವರ್ಷ ದೇವರಿಗೆ ಕೈಮುಗಿದು ಪಡೆದ ಕೂಸನ್ನೂ ತಾನು ಆ ಗೋಡೆಯ ಮಂದಿಯ ಸಾಲಿಗೆ ನಿಲ್ಲಿಸಿಬಿಟ್ಟೆನಲ್ಲ ಎಂದು ನಾಚಿಕೆಯಾಯಿತು. ನಾಚಿಕೆ ಅವಳಿಗೆ ರೂಢಿ ಇಲ್ಲದ ಸಂಗತಿ. ಅದನ್ನು ಬಹಳ ಹೊತ್ತು ಇಟ್ಟುಕೊಳ್ಳಲು ಬರದೆ, ಸೂಜಿಯನ್ನು ಮತ್ತೆ ಓಡಿಸಿ, ಸಂಜೆಯೊಳಗೆ ಕೌದಿ ಮುಗಿಸಿದಳು. ನಡುವೆ ಅಂಗೈಯಗಲ ಮಾತ್ರ ಹೆಸರಿಡುವ ದಿನಕ್ಕೆಂದು ತೆರೆದಿಟ್ಟಳು.

ನಾತಾಳಕ್ಕೆ ಒಂದು ವಾರ ಇದೆ ಎನ್ನುವಾಗ ರಾಯವ್ವ ಹೆಣ್ಣು ಹೆತ್ತಳು. ಮೂರನೆಯ ದಿನ ಬೀಗತಿ ಕಾಶೆವ್ವ ಬಾಗೇವಾಡಿಯಿಂದ ಮೊಮ್ಮಗಳನ್ನು ನೋಡಲು ಬಂದಳು. ಒಳ್ಳೆಯ ಹೆಂಗಸು, ಹತ್ತು ವರ್ಷ ಸೊಸೆಗೆ ಒಂದು ಕೊಂಕು ಮಾತು ಆಡಿದವಳಲ್ಲ. ಅಲ್ಲವ್ವನ ಪ್ರಕಾರ ಅದು ಒಳ್ಳೆಯತನವಲ್ಲ, ಮಾತು ಬಾರದ ದಡ್ಡತನ. ಅಲ್ಲವ್ವ ಕೌದಿಯನ್ನು ಅವಳ ಮುಂದೆ ಹರಡಿದಳು.

ಕಾಶೆವ್ವ ಬಣ್ಣ ನೋಡಿದಳು, ರುಮಾಲನ್ನು ಗುರುತು ಹಿಡಿದು "ಬೀಗರದಲ್ಲಾ ಇದು" ಎಂದು ಮೂಲೆಯನ್ನು ಕಣ್ಣಿಗೊತ್ತಿಕೊಂಡಳು. ಆಮೇಲೆ ಅಂಗೈಯಿಂದ ಮೈ ಸವರಿದಳು. ಅವಳ ಕೈ ಒಂದು ಕಡೆ ನಿಂತಿತು. ಕಿರುಬೆರಳನ್ನು ಒಂದು ದಾರದ ಅಡಿಗೆ ತೂರಿಸಿ ಎತ್ತಿದಳು. ದಾರ ಬೆರಳಿಗೆ ಸುತ್ತಿಕೊಂಡು ಮೇಲೆ ಬಂತು.

"ಬೀಗರ, ತಪ್ಪ ತಿಳೀಬ್ಯಾಡ್ರಿ," ಎಂದಳು ಕಾಶೆವ್ವ ಮೆಲ್ಲಗೆ. "ಕೂಸಿನ ಕಾಲ ಬೆರಳ ಸಿಗತಾವ ಇದರಾಗ."

ಬಾಣಂತಿ ರಾಯವ್ವ ಮಂಚದಿಂದ ಕೈ ಚಾಚಿ ಕೌದಿ ಮುಟ್ಟಿ ನೋಡಿದಳು, ತಾಯಿಯ ಮುಖ ನೋಡಲಿಲ್ಲ.

"ಯವ್ವಾ, ಶಿವವ್ವಕ್ಕಗ ಹೇಳಿ ಕಳಿಸೂಣು. ಅತ್ತಿ ತಮ್ಮನಿ ಹಳೇ ಅರಿವಿ ತಂದಾರ. ಸಣ್ಣದೊಂದು ಹೊಲದ ಕೊಡತಾಳ."

ಶಿವವ್ವ! ದಬ್ಬಣದ ಶಿವವ್ವ ತನ್ನ ಮೊಮ್ಮಗಳ ಮೊದಲ ಕೌದಿ ಹೊಲಿಯುವುದು! ಅಲ್ಲವ್ವನ ಬಾಯಿಂದ ಆಗ ಬಂದ ಮಾತುಗಳನ್ನು ಬರೆಯುವಂತಿಲ್ಲ. ಕಾಶೆವ್ವನ ಕುಲ, ಬಾಗೇವಾಡಿಯ ನೀರು, ಮಗಳ ಹಾಲು ಎಲ್ಲಕ್ಕೂ ಒಂದೊಂದು ಸಿಕ್ಕಿತು. "ಈ ಕೈಕೆಲಸಕ್ಕ ಸಾಹೇಬರ ಹೆಂಡಂದಿರು ಜಗಳಾ ತಗೀತಾರ, ನಿಮಗ ಬ್ಯಾಡಾತು," ಎಂದು ಕೌದಿಯನ್ನು ಎಳೆದುಕೊಂಡು, ತೆರೆದಿದ್ದ ಹೊಟ್ಟೆಯನ್ನು ಅಲ್ಲೇ ನಾಲ್ಕು ಎಳೆತಕ್ಕೆ ಬರಿದೇ ಹೊಲಿದು ಮುಚ್ಚಿದಳು. ನಾತಾಳಕ್ಕೆ ಒಯ್ಯುವ ಗಂಟಿನ ಮೇಲೆ ಅದನ್ನು ಇಟ್ಟಳು.

ಹೆಸರಿಡುವುದು ಹದಿಮೂರನೆಯ ದಿನ. ಪ್ರದರ್ಶನದ ಬಹುಮಾನವೂ ಅದೇ ದಿನ ಬಿತ್ತು. ಹೊರಡುವಾಗ ರಾಯವ್ವ ಸೆರಗು ಹಿಡಿದಳು.

"ಮಾರೂದೇನಿದ್ರೂ ಮಾರಿ, ಆ ದಿನಕ್ಕ ಬಂದ ಬಿಡಬೇ. ತುತ್ತ ಇಡೂ ಕೈ ನಿಂದು."

"ಹೊಲಿಯೂ ಕೈ ಶಿವವ್ವಂದಾದ ಮ್ಯಾಲ ಇಡೂ ಕೈನೂ ಅಕೀದ ಆಗಲಿ," ಎಂದು ಅಲ್ಲವ್ವ ಸೆರಗು ಬಿಡಿಸಿಕೊಂಡಳು.

ಆ ವರ್ಷ ಗೋಕಾಕಿನ ಗಾಳಿ ಬೇರೆಯೇ ಬೀಸುತ್ತಿತ್ತು. ಪುಣೆಯಿಂದ ಒಬ್ಬ ಕಲಾಪಂಡಿತರು ಬಂದಿದ್ದರು, ಕನ್ನಡಕದ ಮೇಲೆ ಇನ್ನೊಂದು ಕನ್ನಡಕ ಹಿಡಿದು ನೋಡುವವರು. ಹೊಸ ಬಟ್ಟೆಯೆಲ್ಲ ಖೊಟ್ಟಿ, ಹಳೆಯ ಬಟ್ಟೆಯದೇ ಅಪ್ಪಟ ಕಲೆ ಎಂದು ಅವರು ಮೊದಲ ದಿನವೇ ಅಪ್ಪಣೆ ಕೊಡಿಸಿದರು. ಏಳು ವರ್ಷ ಹಳೆಯ ಬಟ್ಟೆಗೆ ಮೂಗು ಮುಚ್ಚಿಕೊಂಡ ಹೆಂಗಸರು ಒಂದೇ ಮಧ್ಯಾಹ್ನದಲ್ಲಿ ಅದರ ಮೇಲೆ ಪ್ರೀತಿ ಬೆಳೆಸಿಕೊಂಡರು. ಕರವಸ್ತ್ರಕ್ಕೆ ಕೈ ಒರೆಸಿಕೊಂಡಿದ್ದ ಆ ವಕೀಲರ ಹೆಂಡತಿ ಗಂಡನ ಹಳೆಯ ಕೋಟು ತಂದು, ಇದರಿಂದ ಏನಾದರೂ ಆಗುತ್ತದೆಯೇ ಎಂದು ಕೇಳಿದಳು. ಪಂಡಿತರ ಕಣ್ಣು ತೊಟ್ಟಿಲ ಕೌದಿಯ ಮೇಲೆ ಬಿತ್ತು, ಅಲ್ಲೇ ನೆಟ್ಟಿತು.

ಐದನೆಯ ದಿನ ಅಲ್ಲವ್ವನ ಹೆಸರು ಕೂಗಿದರು. ಕರಿ ಹಲಗೆಯ ಬದಿಗೆ ನಾಲ್ಕು ಮೊಳೆ ಹೊಡೆದು ಆ ಕೌದಿಯನ್ನು ತೂಗುಹಾಕಿದ್ದರು, ತಲೆಕೆಳಗಾಗಿ. ಗಂಡನ ರುಮಾಲಿನ ನಾಲ್ಕು ತುಂಡಿಗೂ ಒಂದೊಂದು ಮೊಳೆ. "ಎಷ್ಟು ಸಣ್ಣ ಹೊಲಿಗೆ, ಎಂಥ ಶ್ರದ್ಧೆ," ಎಂದು ಪಂಡಿತರು ಬಣ್ಣಿಸಿದರು, ಎಲ್ಲರೂ ಚಪ್ಪಾಳೆ ತಟ್ಟಿದರು. ಸಣ್ಣ ಹೊಲಿಗೆಯಂತೆ! ಕೂಸಿನ ಬೆರಳು ತೂರುವ ಹೊಲಿಗೆ ಇವರಿಗೆ ಸಣ್ಣದು. ಅಲ್ಲವ್ವನಿಗೆ ನಗು ಬರಬೇಕಿತ್ತು, ಬರಲಿಲ್ಲ. ಇಲ್ಲಿಯವರೆಗೆ ಆ ಕೋಣೆಯಲ್ಲಿ ಕುರುಡರನ್ನು ಎಣಿಸುವಾಗ ಅವಳು ತನ್ನನ್ನು ಬಿಟ್ಟು ಎಣಿಸುತ್ತಿದ್ದಳು. ಈಗ ಕಣ್ಣಿದ್ದೂ ಹೀಗೆ ಹೊಲಿದವಳು ಕುರುಡರಿಗಿಂತ ಕಡೆ ಎನಿಸಿತು.

ಬಾಯಿಸಾಹೇಬರು ಬಿಲ್ಲೆಯನ್ನು ಅವಳ ಸೆರಗಿಗೆ ಚುಚ್ಚಿದರು. ಬಹುಮಾನ ಬಂದ ವಸ್ತು ಬೆಳಗಾವಿಯ ಬಂಗಲೆಯ ಗೋಡೆಗೆ ಹೋಗುತ್ತದೆ ಎಂದರು.

"ಅದನ್ನ ಕೊಡೂದಿಲ್ರಿ," ಎಂದಳು ಅಲ್ಲವ್ವ. "ಅದು ಹಸದೈತ್ರಿ. ಹೊಟ್ಟಿ ತುಂಬಿಸಿಲ್ಲ. ವಾಪಸ ಕೊಡ್ರಿ, ಮನಿಗೆ ಒಯ್ತೇನಿ."

ಹೆಂಗಸರೆಲ್ಲ ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಕೌದಿ ಹಸಿದಿದೆಯಂತೆ, ಎಷ್ಟು ಚಂದದ ಮಾತು! ಪಂಡಿತರು ಚೀಟಿಯಲ್ಲಿ ಅದನ್ನು ಬರೆದುಕೊಂಡರು. ಇನ್ನೊಮ್ಮೆ ಹೇಳು ಎಂದರು. ಇಬ್ಬರು ಸಿಪಾಯಿಗಳು ಮೊಳೆ ಕಿತ್ತು, ಕೌದಿ ಸುತ್ತಿ, ಮೋಟಾರಿನಲ್ಲಿ ಇಟ್ಟರು. ಗಂಡನ ರುಮಾಲು, ತನ್ನ ಧಾರೆ ಸೀರೆ, ಮಗಳ ಪರಕಾರ ಮೂರೂ ಧೂಳೆಬ್ಬಿಸಿಕೊಂಡು ಬೆಳಗಾವಿಯ ದಾರಿ ಹಿಡಿದವು. ಇಲ್ಲಿಗೆ ತಂದವಳು ತಾನೇ, ಬೈಯಲು ಬೇರೆ ಯಾರೂ ಸಿಗಲಿಲ್ಲ.

ಶೆಟ್ಟೆಪ್ಪ ಉಳಿದ ಹಣ್ಣುಗಳನ್ನು ಬುಟ್ಟಿಗೆ ತುಂಬುತ್ತಿದ್ದ. ಅವನು ಬಿಲ್ಲೆಯನ್ನು ನೋಡಿದ, ಅವಳನ್ನು ನೋಡಿದ.

"ಅಕ್ಕಾ, ಇವತ್ತ ನಿನ್ನ ಮೊಮ್ಮಗಳ ಹೆಸರಿಡೂ ದಿನಾ ಅಂದಿದ್ದಿ."

"ಹೌದು."

"ಮತ್ತ ಇಲ್ಲ್ಯಾಕ ಕುಂತಿ?"

ಅಲ್ಲವ್ವ ಎದ್ದಳು. ಗೌಡನ ಚಕ್ಕಡಿ ಮರುದಿನ ಹೊರಡುವುದಿತ್ತು. ಅವಳು ಕಾಯಲಿಲ್ಲ, ಮೂಡಲಗಿಯ ಕಡೆ ಹೋಗುವ ಒಂದು ಹತ್ತಿ ಗಾಡಿಯವನಿಗೆ ಕೈಮುಗಿದು ಮೇಲೆ ಹತ್ತಿದಳು. ಅವಳು ಮನುಷ್ಯರಿಗೆ ಕೈಮುಗಿದದ್ದು ಅದೇ ಮೊದಲು.

ಮನೆ ಮುಟ್ಟುವ ಹೊತ್ತಿಗೆ ದನ ಮರಳಿ ಬರುವ ವೇಳೆ. ಬಂದವರು ಉಂಡು ಹೋಗಿದ್ದರು, ಅಂಗಳದಲ್ಲಿ ಎಲೆಗಳಿದ್ದವು. ಒಳಗೆ ಕಾಶೆವ್ವ, ಶಿವವ್ವ ತೊಟ್ಟಿಲ ಬದಿಗೆ ಕೂತಿದ್ದರು. ಕೂಸಿಗೆ ಗಂಗವ್ವ ಎಂದು ಹೆಸರಾಗಿತ್ತು. ಅದು ತೊಟ್ಟಿಲಲ್ಲಿ ಕಾಶೆವ್ವನ ಹಳೆಯ ಸೀರೆಯ ಮಡಿಕೆಯ ಮೇಲೆ ಮಲಗಿತ್ತು. ಶಿವವ್ವ ಹೊಲಿದ ಹೊಸ ಕೌದಿ ಮಡಿಚಿ ಬದಿಗಿತ್ತು.

ಅಲ್ಲವ್ವ ಬಿಲ್ಲೆ ಕಿತ್ತು ನಾಗೊಂದಿಗೆಯ ಮೇಲೆ, ಗಂಟು ಇದ್ದ ಬರಿಯ ಜಾಗಕ್ಕೆ ಎಸೆದಳು. ಯಾರೂ ಏನದು ಎಂದು ಕೇಳಲಿಲ್ಲ. ಕುಕ್ಕರಗಾಲಲ್ಲಿ ಕೂತು ಕೌದಿ ಬಿಚ್ಚಿ, ಮೂಲೆಯ ಹರಿವಾಣದಿಂದ ಒಂದು ಜೋಳದ ಕಾಳು ತೆಗೆದು ಉರುಳಿಸಿದಳು. ತಪ್ಪು ಹುಡುಕಲೆಂದೇ ಉರುಳಿಸಿದಳು. ಕಾಳು ಎಲ್ಲಿಯೂ ನಿಲ್ಲದೆ ಉರುಳುತ್ತ ಬಂದು ನಟ್ಟನಡುವೆ ಒಂದು ತೂತಿನೊಳಗೆ ಬಿತ್ತು. ಅಲ್ಲಿ ಅಂಗೈಯಗಲ ಜಾಗ ತೆರೆದೇ ಇತ್ತು.

"ಇದ್ಯಾಕ ಮುಚ್ಚಿಲ್ಲ?"

"ಶಿವವ್ವಕ್ಕ ಮುಂಜಾನಿಂದ ಮುಚ್ಚಾಕ ಒಲ್ಲೆ ಅಂದ್ಲು," ಎಂದಳು ರಾಯವ್ವ. "ಅತ್ತಿನೂ ಬ್ಯಾಡ ಅಂದ್ರು. ನೀ ಬರತನಾ ಕೂಸನ್ನ ಇದರ ಮ್ಯಾಲ ಹಾಕಬಾರದು ಅಂದ್ರು."

ಅಲ್ಲವ್ವ ಇಬ್ಬರನ್ನೂ ನೋಡಿದಳು. ಒಬ್ಬಳನ್ನು ಹದಿನೈದು ವರ್ಷ ಬಾವಿಯ ಕಟ್ಟೆಯ ಮೇಲೆ ಆಡಿಕೊಂಡಿದ್ದಳು, ಇನ್ನೊಬ್ಬಳ ಕುಲ ಎತ್ತಿ ಬೈದು ಹತ್ತೇ ದಿನವಾಗಿತ್ತು. ಅವರ ಮುಖದಲ್ಲಿ ಒಂದಿಷ್ಟು ಸೇಡು ಕಂಡಿದ್ದರೆ ಅವಳಿಗೆ ಹಗುರಾಗುತ್ತಿತ್ತು. ಕಾಣಲಿಲ್ಲ. ಒಳಗೆ ಹೋಗಿ ಒಣ ರೊಟ್ಟಿ ಮುರಿದು, ಬೆಲ್ಲದ ಹರಳು ತಂದು, ಆ ತೂತಿನೊಳಗೆ ಇಟ್ಟಳು. "ಉಂಡು ಬೆಚ್ಚಗ ಇಡವ್ವಾ" ಎನ್ನಬೇಕಾಗಿತ್ತು. ಮಾತು ಅರ್ಧಕ್ಕೇ ನಿಂತಿತು. ಕಾಶೆವ್ವ ಉಳಿದದ್ದನ್ನು ಹೇಳಿದಳು.

ಶಿವವ್ವ ಸೂಜಿ ಪೋಣಿಸಿ ಅಲ್ಲವ್ವನ ಕಡೆ ಚಾಚಿದಳು. "ಮುಚ್ಚಬೇ. ಕಡೀ ಹೊಲಿಗಿ ನಿನ್ನ ಕೈಲೇನ ಆಗಲಿ."

ಅಲ್ಲವ್ವ ಸೂಜಿ ತೆಗೆದುಕೊಂಡಳು. ಬಟ್ಟೆಯ ಹತ್ತಿರ ಒಯ್ದಳು. ತೊಟ್ಟಿಲಲ್ಲಿ ಕೂಸು ಕಾಲು ಆಡಿಸುತ್ತಿತ್ತು, ಕಾಲ ಬೆರಳುಗಳು ಅಕ್ಕಿ ಕಾಳಿನಷ್ಟಿದ್ದವು. ಅವಳು ಸೂಜಿಯನ್ನು ತಿರುಗಿ ಶಿವವ್ವನ ಕೈಗೆ ಕೊಟ್ಟಳು.

"ನೀನ ಮುಚ್ಚು. ನನ್ನ ಕೈ ಉದ್ದ ಓಡತೈತಿ."

ಶಿವವ್ವ ಬಗ್ಗಿ ಹೊಲಿಯತೊಡಗಿದಳು. ಅಲ್ಲವ್ವ ಅವಳ ಭುಜದ ಮೇಲಿನಿಂದ ಒಂದೊಂದು ಹೊಲಿಗೆಯನ್ನೂ ಕಣ್ಣಿಟ್ಟು ನೋಡಿದಳು. ಒಂದೂ ಉದ್ದ ಬೀಳಲಿಲ್ಲ. ಕೊನೆಯ ಗಂಟು ಹಾಕಿ ಹಲ್ಲಿನಿಂದ ದಾರ ಕತ್ತರಿಸಿದ ಮೇಲೆ, ಅಲ್ಲವ್ವ ಕೂಸನ್ನು ಎತ್ತಿ ಕೌದಿಯ ಮೇಲೆ ಮಲಗಿಸಿದಳು.

"ದಾರ ಸ್ವಲ್ಪ ದಪ್ಪಾತು," ಎಂದಳು.

ಶಿವವ್ವ ಎಂದಿನಂತೆ ನಕ್ಕಳು. ಅಲ್ಲವ್ವ ಆ ದಿನ ಅವಳನ್ನು ಉಣ್ಣಿಸದೆ ಮನೆಗೆ ಕಳಿಸಲಿಲ್ಲ.